ಮಾಷ್ಟ್ರ ಹೆಸರಲ್ಲೊಂದು ವಿದ್ಯಾರ್ಥಿವೇತನ: ದೂರಶಿಕ್ಷಣದಲ್ಲಿ ಓದುವವರಿಗಾಗಿ ನಿಧಿ ಕಟ್ಟುವುದು ಹೇಗೆ?

ನಮ್ಮ ಮಾಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯವರು ನಮಗೊಂದು ಹಳೆಯ ನೋಟ್‌ಬುಕ್ ತೋರಿಸಿದರು. ಉಡುಪಿಯ ದೂರಶಿಕ್ಷಣ ಅಧ್ಯಯನ ಕೇಂದ್ರಕ್ಕೆ ಭಾನುವಾರದ ಸಂಪರ್ಕ ತರಗತಿಗೆ ಬರುತ್ತಿದ್ದ ನಮ್ಮೆಲ್ಲರ ಹೆಸರು ಅದರಲ್ಲಿತ್ತು. ಪ್ರತಿ ಹೆಸರಿನ ಮುಂದೆ ಒಂದು ಬಸ್ಸಿನ ಹೊತ್ತು. ಬೈಂದೂರು 4.10. ಹೆಬ್ರಿ 3.45. ಕಷ್ಟದ ಪಾಠವನ್ನು ಅವರು ಯಾವಾಗಲೂ ಬೆಳಿಗ್ಗೆಯೇ ಯಾಕೆ ಮುಗಿಸುತ್ತಿದ್ದರು ಅನ್ನುವುದು ಇಷ್ಟು ವರ್ಷಗಳ ನಂತರ ಗೊತ್ತಾಯಿತು. ದೂರದವರು ಬಸ್ಸಿಗೆ ಎದ್ದು ಹೋದರೂ ಮುಖ್ಯವಾದದ್ದು ತಪ್ಪಬಾರದು, ಅಷ್ಟೇ.

ಅವರ ಹೆಸರಲ್ಲಿ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ವಿದ್ಯಾರ್ಥಿವೇತನ ಶುರು ಮಾಡಿದೆವು. ಮೊದಲ ವರ್ಷ ತಪ್ಪುಗಳೇ ಜಾಸ್ತಿ. ಆಮೇಲೆ ಒಂದೊಂದಾಗಿ ಸರಿ ಮಾಡಿಕೊಂಡೆವು. ಮಂಗಳೂರು, ಉಡುಪಿ ಕಡೆ ಇಂಥದ್ದೇ ಯೋಚನೆ ಇರುವವರಿಗೆ ಅನುಕೂಲ ಆಗಲಿ ಅಂತ ಇದನ್ನೆಲ್ಲ ವಿವರವಾಗಿ ಬರೆಯುತ್ತಿದ್ದೇನೆ.

ದುಡ್ಡು ಕೂಡಿಸುವ ಮೊದಲು ಮಾಷ್ಟ್ರ ಬಗ್ಗೆ ಬರೆದಿಡಿ

ಎಲ್ಲರೂ ಮೊದಲು ಕೇಳುವುದು 'ಎಷ್ಟು ಹಾಕುವುದು?' ಅಂತ. ಆ ಪ್ರಶ್ನೆ ಎರಡು ವಾರ ಕಾಯಲಿ. ಮೊದಲು ಮನೆಯವರ ಹತ್ತಿರ ಹೋಗಿ ಒಪ್ಪಿಗೆ ಕೇಳಿ. ಹೆಸರು ಹೇಗೆ ಬರೆಯಬೇಕು, ಫೋಟೊ ಹಾಕಬಹುದೇ, ಮನೆಯವರು ಸಮಿತಿಯಲ್ಲಿ ಇರಲು ಇಷ್ಟಪಡುತ್ತಾರೆಯೇ, ಇದೆಲ್ಲ ಬಾಯಿಮಾತಲ್ಲಿ ಬಿಡದೆ ಕಾಗದದಲ್ಲಿ ಇರಲಿ.

ಆಮೇಲೆ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ. ಇದು ರೆಗ್ಯುಲರ್ ಕಾಲೇಜಿನ ಹಾಗೆ ಸುಲಭವಲ್ಲ. ದೂರಶಿಕ್ಷಣದಲ್ಲಿ ಗ್ರೂಪ್ ಫೋಟೊ ಇರುವುದಿಲ್ಲ, ಕಾಲೇಜ್ ಡೇ ಇರುವುದಿಲ್ಲ. ಪಕ್ಕದಲ್ಲಿ ಕೂತವರ ಪೂರ್ತಿ ಹೆಸರು ಗೊತ್ತಿರುವುದೂ ಕಡಿಮೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಮೂಲಕ ಶಿಕ್ಷಣ ಶುರುವಾದದ್ದು 1969ರಲ್ಲಿ. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೊ, ಬಂದದ್ದು 1985ರಲ್ಲಿ. ಹಾಗಾಗಿ ಹಳೆಯ ತಲೆಮಾರಿನ ಮಾಷ್ಟ್ರೊಬ್ಬರ ಶಿಷ್ಯರಲ್ಲಿ ಅಂಚೆಯ ಕಂದು ಕವರಿಗೆ ಕಾದವರೂ ಇರುತ್ತಾರೆ, ಮೊಬೈಲಲ್ಲಿ ಪಾಠ ಕೇಳಿದವರೂ ಇರುತ್ತಾರೆ. ಇಬ್ಬರನ್ನೂ ಹುಡುಕಿ. ನಮಗೆ ಜಾಸ್ತಿ ಜನ ಸಿಕ್ಕಿದ್ದು ವಾಟ್ಸಾಪ್‌ಗಿಂತ ಅಂಗನವಾಡಿ, ಪಂಚಾಯತ್ ಆಫೀಸು, ಸೊಸೈಟಿಗಳಲ್ಲಿ. ಕೆಲಸ ಮಾಡುತ್ತಲೇ ಡಿಗ್ರಿ ಮುಗಿಸಿದವರು ಅಲ್ಲೇ ಇದ್ದರು.

ಸಿಕ್ಕಿದ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ: 'ನೀವು ಓದು ಬಿಡುವ ಯೋಚನೆ ಮಾಡಿದ್ದು ಯಾವಾಗ? ಆಗ ಮಾಷ್ಟ್ರು ಏನು ಮಾಡಿದರು?' ಉತ್ತರಗಳನ್ನು ಹಾಗೇ ಬರೆದುಕೊಳ್ಳಿ. ನಮಗೆ ಬಂದ ಉತ್ತರಗಳಲ್ಲಿ ಪ್ರತಿಭೆ, ರ್‍ಯಾಂಕು ಅನ್ನುವ ಮಾತೇ ಇರಲಿಲ್ಲ. ಪರೀಕ್ಷಾ ಶುಲ್ಕ ಕಟ್ಟಿಕೊಟ್ಟರು. ಅಸೈನ್‌ಮೆಂಟ್ ಬರೆಯಲು ಬಾರದಾಗ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟ ಬರೆಸಿದರು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಬೆಳಿಗ್ಗೆ ಏಳಕ್ಕೆ ಫೋನಲ್ಲಿ ಪಾಠ ಹೇಳಿದರು. ಮಗುವನ್ನು ಕರಕೊಂಡು ಬನ್ನಿ, ಪರವಾಗಿಲ್ಲ ಅಂದರು. ನಿಯಮಗಳು ಹುಟ್ಟಬೇಕಾದದ್ದು ಈ ಉತ್ತರಗಳಿಂದ. ಮಾಷ್ಟ್ರು ಮಾಡಿದ್ದನ್ನೇ ಅವರ ಹೆಸರಿನ ನಿಧಿಯೂ ಮಾಡಬೇಕು, ಅಲ್ವಾ?

ಯಾರಿಗೆ ಕೊಡುವುದು?

ಇದನ್ನು ನಿಧಾನವಾಗಿ ಯೋಚಿಸಿ. ಸಾಮಾನ್ಯವಾಗಿ ವಿದ್ಯಾರ್ಥಿವೇತನಗಳ ಷರತ್ತು ಹೀಗಿರುತ್ತವೆ: ರೆಗ್ಯುಲರ್ ವಿದ್ಯಾರ್ಥಿ ಆಗಿರಬೇಕು. ವಯಸ್ಸು 25ರೊಳಗೆ ಇರಬೇಕು. ಶೇಕಡಾ 60 ಅಂಕ ಬೇಕು. ಓದಿನ ಮಧ್ಯೆ ವರ್ಷ ಬಿಟ್ಟಿರಬಾರದು. ಒಂದೊಂದೂ ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ 38ನೇ ವಯಸ್ಸಿನಲ್ಲಿ ಬಿ.ಎ. ಓದುವ ಬೀಡಿ ಕಾರ್ಮಿಕ ಮಹಿಳೆಯನ್ನು ಈ ನಾಲ್ಕೂ ಷರತ್ತು ಹೊರಗೆ ನಿಲ್ಲಿಸುತ್ತವೆ. ಬೀಡಿ ಕಾರ್ಮಿಕರ ಮಕ್ಕಳ ಓದಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸಹಾಯಧನ ಇದೆ. ತಾಯಿಯೇ ಓದಲು ಕೂತರೆ ಆ ಯೋಜನೆ ಅವಳಿಗೆ ಸಿಗುವುದಿಲ್ಲ.

ಮೊದಲ ವರ್ಷ ನಾವೂ ಯೋಚನೆ ಮಾಡದೆ ಒಂದು ಹಳೆಯ ಅರ್ಜಿ ನಮೂನೆಯನ್ನೇ ನಕಲು ಮಾಡಿದ್ದೆವು. ಅದರಲ್ಲಿ ಅಂಕದ ಷರತ್ತು ಇತ್ತು. ಆಯ್ಕೆಯಾದ ನಾಲ್ವರಲ್ಲಿ ಮೂವರಿಗೆ ಒಳ್ಳೆಯ ಉದ್ಯೋಗ ಇತ್ತು, ಅವರು ಬಡ್ತಿಗಾಗಿ ಓದುತ್ತಿದ್ದರು. ತಪ್ಪು ಅವರದ್ದಲ್ಲ. ಬಿಡುವಿನ ಹೊತ್ತು ಇದ್ದವರಿಗೆ ಅಂಕ ಬರುತ್ತದೆ. ಗೇರುಬೀಜ ಫ್ಯಾಕ್ಟರಿಯಿಂದ ಸಂಜೆ ಮನೆಗೆ ಬಂದು, ಅಡುಗೆ ಮುಗಿಸಿ, ಹತ್ತು ಗಂಟೆಗೆ ಪುಸ್ತಕ ತೆರೆಯುವವರಿಗೆ ಪಾಸಾಗುವುದೇ ದೊಡ್ಡ ಸಾಧನೆ.

ಈಗ ನಮ್ಮ ನಿಯಮ ಇಷ್ಟೇ. ವಯಸ್ಸಿನ ಮಿತಿ ಇಲ್ಲ. ಅಂಕದ ಮಿತಿ ಇಲ್ಲ. ವರ್ಷ ಬಿಟ್ಟಿದ್ದರೆ ಅಡ್ಡಿಯಿಲ್ಲ, ಬದಲಿಗೆ ಮತ್ತೆ ಶುರು ಮಾಡುವವರಿಗೆ ಎರಡು ಸ್ಥಾನ ಮೀಸಲು. ಇಗ್ನೊದಲ್ಲಿ ಮೂರು ವರ್ಷದ ಬಿ.ಎ. ಮುಗಿಸಲು ಆರು ವರ್ಷದವರೆಗೆ ಅವಕಾಶ ಇದೆ. ವಿಶ್ವವಿದ್ಯಾನಿಲಯವೇ ಅಷ್ಟು ಸಮಯ ಕೊಟ್ಟಿರುವಾಗ ನಾವು ಯಾಕೆ ಅವಸರ ಮಾಡಬೇಕು? ಮನೆಯ ಆದಾಯಕ್ಕೆ ಮಾತ್ರ ಒಂದು ಮಿತಿ ಇಡಿ. ಅದಿಲ್ಲದಿದ್ದರೆ ದುಡ್ಡು ತಪ್ಪು ಕಡೆ ಹೋಗುತ್ತದೆ.

ಇನ್ನೊಂದು ಮಾತು. ನಮ್ಮ ಕರಾವಳಿಯಲ್ಲಿ ಸಮಾಜದ ಸಂಘಗಳು ಗಟ್ಟಿಯಾಗಿವೆ, ಒಳ್ಳೆಯ ಕೆಲಸವನ್ನೂ ಮಾಡುತ್ತಿವೆ. ಹಾಗಾಗಿ 'ನಮ್ಮ ಸಮಾಜದವರಿಗೆ ಮಾತ್ರ ಕೊಡೋಣ' ಅನ್ನುವ ಸಲಹೆ ಖಂಡಿತ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಭಾನುವಾರದ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಮಾತಾಡುವವರೆಲ್ಲ ಒಂದೇ ಬೆಂಚಲ್ಲಿ ಕೂತಿದ್ದರು. ಜತೆಗೆ ಕಾನೂನಿನ ಕಾರಣವೂ ಇದೆ. ಒಂದು ಧರ್ಮ ಅಥವಾ ಒಂದು ಜಾತಿಗೆ ಮಾತ್ರ ಮೀಸಲಾದ ಟ್ರಸ್ಟಿಗೆ ಸಾಮಾನ್ಯವಾಗಿ 80ಜಿ ಸೌಲಭ್ಯ, ಅಂದರೆ ದಾನಿಗಳಿಗೆ ತೆರಿಗೆ ಕಡಿತ ಕೊಡಿಸುವ ಮಾನ್ಯತೆ, ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಟ್ರಸ್ಟುಗಳಿಗೆ ಮಾತ್ರ ಇದರಲ್ಲಿ ವಿನಾಯಿತಿ.

ಕೋರ್ಸಿಗೆ ಮಾನ್ಯತೆ ಇದೆಯೇ ಅಂತ ಮಾತ್ರ ಕಟ್ಟುನಿಟ್ಟಾಗಿ ನೋಡಿ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013-14ರಿಂದ ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ಮಧ್ಯದಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡು ಈ ಊರಿನವರಿಗೆ ಚೆನ್ನಾಗಿ ಗೊತ್ತು. ಮಾನ್ಯತೆ ಇರುವ ವಿಶ್ವವಿದ್ಯಾನಿಲಯ ಮತ್ತು ಕೋರ್ಸುಗಳ ಪಟ್ಟಿ ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿ ಅರ್ಜಿಯನ್ನೂ ಅದರ ಜತೆ ತಾಳೆ ನೋಡಿ. 2024-25ರಿಂದ ದೂರಶಿಕ್ಷಣಕ್ಕೆ ಸೇರುವವರು ಡಿಇಬಿ ಐಡಿ, ಅಂದರೆ ಆ ಬ್ಯೂರೊದ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಬೇಕು. ಆ ಸಂಖ್ಯೆಯನ್ನು ಅರ್ಜಿಯಲ್ಲಿ ಕೇಳಿದರೆ ಪರಿಶೀಲನೆ ಸುಲಭ.

ಯಾವಾಗ ಕೊಡುವುದು?

ನಮ್ಮ ದೊಡ್ಡ ತಪ್ಪು ಆದದ್ದು ಇಲ್ಲಿ. ಮಾಷ್ಟ್ರ ಪುಣ್ಯತಿಥಿ ಡಿಸೆಂಬರಿನಲ್ಲಿ ಬರುತ್ತದೆ. ಅದೇ ದಿನ ಕಾರ್ಯಕ್ರಮ ಇಟ್ಟೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಮಲ್ಪೆ ಕಡೆಯ ಒಬ್ಬ ಹುಡುಗಿ ವೇದಿಕೆಗೆ ಬಂದು ಕವರ್ ತೆಗೆದುಕೊಂಡಳು. ಕೆಳಗಿಳಿದ ಮೇಲೆ ಮೆಲ್ಲಗೆ ಹೇಳಿದಳು, 'ಈ ವರ್ಷ ಫೀಸ್ ಕಟ್ಟಲು ಆಗಲಿಲ್ಲ ಸರ್, ಜುಲೈಯಲ್ಲೇ ಬಿಟ್ಟುಬಿಟ್ಟೆ. ಈ ದುಡ್ಡು ವಾಪಸ್ ಕೊಡಬೇಕಾ?'

ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಕರಾವಳಿಯ ವರ್ಷವನ್ನು ಒಮ್ಮೆ ಹರಡಿಕೊಂಡು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ ಇರುತ್ತದೆ. ಬಲೆ ಕೆಲಸ, ಐಸ್ ಪ್ಲಾಂಟ್, ಮೀನು ಮಾರಾಟ ಎಲ್ಲ ತಣ್ಣಗಾಗುತ್ತದೆ. ಅದೇ ಜೂನಿನಲ್ಲಿ ಮಕ್ಕಳ ಶಾಲೆ ಶುರು: ಫೀಸು, ಪುಸ್ತಕ, ಕೊಡೆ. ದೂರಶಿಕ್ಷಣದ ಮುಖ್ಯ ಪ್ರವೇಶ ಮತ್ತು ಮರುನೋಂದಣಿ ಬರುವುದೂ ಜುಲೈ ಆವೃತ್ತಿಯಲ್ಲೇ, ಅಂದರೆ ಜುಲೈಯಲ್ಲಿ ಶುರುವಾಗುವ ಸರದಿಯಲ್ಲೇ. ಮನೆಯಲ್ಲಿ ದುಡ್ಡು ಅತಿ ಕಡಿಮೆ ಇರುವ ಹೊತ್ತಿಗೆ ತಾಯಿ ತನ್ನ ಫೀಸನ್ನು ಕೊನೆಗೆ ಇಡುತ್ತಾಳೆ. ಕೊನೆಯ ದಿನಾಂಕ ದಾಟಿಹೋಗುತ್ತದೆ.

ಅದಕ್ಕೇ ಕ್ಯಾಲೆಂಡರನ್ನು ಫೀಸಿನ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ. ನಾವು ಈಗ ಮಾರ್ಚ್ ಕೊನೆಯಲ್ಲಿ ಅರ್ಜಿ ಕರೆಯುತ್ತೇವೆ, ಏಪ್ರಿಲ್ 30ಕ್ಕೆ ಮುಗಿಸುತ್ತೇವೆ, ಮೇ ತಿಂಗಳಲ್ಲಿ ಫೋನ್ ಮಾಡಿ ಮಾತಾಡುತ್ತೇವೆ. ಜೂನ್ ಮೊದಲ ವಾರ ಪತ್ರ ಕಳಿಸುತ್ತೇವೆ. ಹೊಸಬರಿಗಾಗಿ ಜನವರಿ ಆವೃತ್ತಿಗೆ ಎರಡು ಸ್ಥಾನ ಉಳಿಸಿಕೊಳ್ಳುತ್ತೇವೆ. ಡಿಸೆಂಬರಿನಲ್ಲಿ ಮಾಷ್ಟ್ರನ್ನು ನೆನೆಯುತ್ತೇವೆ. ಆ ದಿನ ಕವರ್ ಇಲ್ಲ, ಚಹಾ ಮತ್ತು ಮಾತು ಮಾತ್ರ.

ಮೊತ್ತವನ್ನೂ ಎರಡು ಕಂತು ಮಾಡಿ. ದೊಡ್ಡ ಪಾಲು ಪ್ರವೇಶ ಶುಲ್ಕಕ್ಕೆ. ಸಣ್ಣ ಪಾಲು ಪರೀಕ್ಷೆಯ ಹೊತ್ತಿಗೆ. ಪರೀಕ್ಷಾ ಶುಲ್ಕ, ಬಸ್ಸು, ಪರೀಕ್ಷೆಯ ದಿನ ಹೋಗುವ ಸಂಬಳ, ಇದೆಲ್ಲ ಸೇರಿಯೇ ಓದಿನ ಖರ್ಚು. ಶಕ್ತಿ ಯೋಜನೆಯಲ್ಲಿ 2023ರ ಜೂನಿನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಳ ಊರಿನಿಂದ ಬರುವವಳು ಟಿಕೆಟ್ ತೆಗೆಯಲೇಬೇಕು.

ಎಷ್ಟು ದುಡ್ಡು ಬೇಕು?

ಎರಡು ದಾರಿ ಇವೆ. ಒಂದು, ದತ್ತಿನಿಧಿ: ದೊಡ್ಡ ಮೊತ್ತ ಇಟ್ಟು ಅದರ ಬಡ್ಡಿಯನ್ನು ಮಾತ್ರ ಹಂಚುವುದು. ಇನ್ನೊಂದು, ಪ್ರತಿ ವರ್ಷ ಕೂಡಿಸಿ ಅದೇ ವರ್ಷ ಕೊಡುವುದು.

ಲೆಕ್ಕ ನೋಡಿ. 12 ಜನರಿಗೆ ತಲಾ 6,000 ರೂಪಾಯಿ ಕೊಡಲು ವರ್ಷಕ್ಕೆ 72,000 ಬೇಕು. ಬಡ್ಡಿ ಶೇಕಡಾ 6.5 ಅಂತ ಇಟ್ಟುಕೊಂಡರೆ ಇದಕ್ಕೆ ಸುಮಾರು 11 ಲಕ್ಷದ ನಿಧಿ ಬೇಕು. ಹಳೆಯ ವಿದ್ಯಾರ್ಥಿಗಳಿಗೆ ಈ ಸಂಖ್ಯೆ ಕೇಳಿದರೇ ಕೈಕಾಲು ತಣ್ಣಗಾಗುತ್ತದೆ. ಅದೇ 60 ಜನ ತಿಂಗಳಿಗೆ ತಲಾ 100 ರೂಪಾಯಿ ಹಾಕಿದರೆ ವರ್ಷಕ್ಕೆ ಸರಿಯಾಗಿ 72,000 ಆಗುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಶುರು ಮಾಡಿದ್ದು ಇದೇ ಉಡುಪಿಯಲ್ಲಿ. ಸಣ್ಣ ದುಡ್ಡನ್ನು ತಪ್ಪದೆ ಕೂಡಿಸುವುದು ನಮ್ಮ ಊರಿಗೆ ಹೊಸದಲ್ಲ.

ನನ್ನ ಸಲಹೆ: ಮೊದಲ ಮೂರು ವರ್ಷ ಕೂಡಿಸಿ ಕೊಡಿ. ಜತೆಗೇ ದತ್ತಿನಿಧಿಯನ್ನು ಸ್ವಲ್ಪ ಸ್ವಲ್ಪ ಬೆಳೆಸಿ. ನಿಧಿ 5 ಲಕ್ಷ ಆದಾಗ ಅದೇ ಬಡ್ಡಿದರಕ್ಕೆ ವರ್ಷಕ್ಕೆ 32,500 ಬರುತ್ತದೆ. ಎಲ್ಲವನ್ನೂ ಹಂಚಿದರೆ ಹತ್ತು ವರ್ಷದಲ್ಲಿ ಬೆಲೆ ಏರಿ ಆ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ. ತೆರಿಗೆ ವಿನಾಯಿತಿ ಇರುವ ಟ್ರಸ್ಟು ವರ್ಷದ ಆದಾಯದಲ್ಲಿ ಶೇಕಡಾ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಶೇಕಡಾ 15 ಉಳಿಸಬಹುದು. ಆ 15ರ ಪಾಲು, ಅಂದರೆ 4,875 ರೂಪಾಯಿ, ಅಸಲಿಗೆ ಸೇರಲಿ. ಉಳಿದ 27,625ರಲ್ಲಿ ನಾಲ್ವರಿಗೆ 24,000 ಕೊಟ್ಟು ಅಂಚೆ, ಆಡಿಟ್ ಖರ್ಚಿಗೆ 3,625 ಮಿಗುತ್ತದೆ.

ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆ ಅಂತ ಸಹಕಾರಿ ಸೊಸೈಟಿಯಲ್ಲಿ ಇಡೋಣ ಅನ್ನುವವರು ಸಿಗುತ್ತಾರೆ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಬ್ಯಾಂಕ್ ಅಲ್ಲದ ಪತ್ತಿನ ಸೊಸೈಟಿಗೆ ಆ ವಿಮೆ ಇಲ್ಲ. ಸತ್ತವರ ಹೆಸರಿನ ದುಡ್ಡು ಇದು. ಬ್ಯಾಂಕಿನಲ್ಲೇ ಇರಲಿ.

ದುಡ್ಡು ಯಾರ ಹೆಸರಿನಲ್ಲಿ?

ಒಬ್ಬರ ಸ್ವಂತ ಖಾತೆಯಲ್ಲಿ ಮಾತ್ರ ಬೇಡ. ಎಷ್ಟೇ ನಂಬಿಕೆಯವರಾದರೂ ಬೇಡ. ಅವರಿಗೇ ಏನಾದರೂ ಆದರೆ ಆ ದುಡ್ಡು ವಾರಸುದಾರರದ್ದಾಗುತ್ತದೆ. ಅಲ್ಲಿಯವರೆಗೂ ಬಡ್ಡಿ ಅವರ ಆದಾಯಕ್ಕೇ ಸೇರುತ್ತದೆ.

ಅತಿ ಸುಲಭದ ದಾರಿ ಅಂದರೆ ಈಗಾಗಲೇ ಇರುವ ಕಾಲೇಜು ಅಥವಾ ವಿಶ್ವವಿದ್ಯಾನಿಲಯದಲ್ಲಿ ದತ್ತಿ ಇಡುವುದು. ಕೆಲಸ ಕಡಿಮೆ. ಆದರೆ ನಿಯಮ ಅವರದ್ದಾಗುತ್ತದೆ, ಹೆಚ್ಚಾಗಿ ಅತಿ ಹೆಚ್ಚು ಅಂಕ ಪಡೆದವರಿಗೆ ಅನ್ನುವುದರಲ್ಲೇ ಅದು ನಿಲ್ಲುತ್ತದೆ. ಎರಡನೆಯದು, ಊರಿನ ಹಳೆಯ ನಂಬಿಕಸ್ಥ ಟ್ರಸ್ಟಿನ ಒಳಗೆ ಪ್ರತ್ಯೇಕ ನಿಧಿಯಾಗಿ ಸೇರುವುದು. ಅವರಿಗೆ 80ಜಿ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ನಿಯಮ ನಮ್ಮದು, ಲೆಕ್ಕಪತ್ರ ಅವರದ್ದು ಅಂತ ಒಪ್ಪಂದ ಬರೆಸಿಕೊಳ್ಳಿ. ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ಸ್ವಂತ ಟ್ರಸ್ಟು. ಟ್ರಸ್ಟ್ ಡೀಡ್ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆಮೇಲೆ ಪಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ. ಸಂಘವಾಗಿ ಮಾಡುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಡೀಡಿನಲ್ಲಿ ಉದ್ದೇಶವನ್ನು ವಿಶಾಲವಾಗಿ ಬರೆಸಿ: 'ದೂರಶಿಕ್ಷಣ ಮತ್ತು ಮುಕ್ತ ಶಿಕ್ಷಣದಲ್ಲಿ ಓದುವವರಿಗೆ ನೆರವು'. ಮೊತ್ತ, ದಿನಾಂಕ, ಆಯ್ಕೆಯ ವಿಧಾನ ಇವೆಲ್ಲ ಡೀಡಿನಲ್ಲಿ ಬೇಡ, ಪ್ರತ್ಯೇಕ ನಿಯಮಾವಳಿಯಲ್ಲಿ ಇರಲಿ. ಆಗ ಬದಲಾಯಿಸಲು ಸುಲಭ. ಟ್ರಸ್ಟು ಮುಚ್ಚಬೇಕಾಗಿ ಬಂದರೆ ದುಡ್ಡು ಇಂಥದ್ದೇ ಉದ್ದೇಶದ ಬೇರೆ ಟ್ರಸ್ಟಿಗೆ ಹೋಗಬೇಕು ಅನ್ನುವ ಸಾಲು ಮರೆಯಬೇಡಿ. ಐದು ಟ್ರಸ್ಟಿಗಳು ಸಾಕು. ಒಬ್ಬರು ಮನೆಯವರು, ಒಬ್ಬರು ಲೆಕ್ಕ ಗೊತ್ತಿರುವವರು, ಒಬ್ಬರಾದರೂ ಈ ವಿದ್ಯಾರ್ಥಿವೇತನ ಪಡೆದು ಓದಿದವರು. ಚೆಕ್ಕಿಗೆ ಮೂವರಲ್ಲಿ ಇಬ್ಬರ ಸಹಿ.

ಗಲ್ಫಿನ ದುಡ್ಡು ಮತ್ತು ತೆರಿಗೆ

ಕರಾವಳಿಯಲ್ಲಿ ದುಡ್ಡು ಕೂಡಿಸಲು ಹೊರಟರೆ ದುಬೈ, ಮಸ್ಕತ್, ಕುವೈತಿನಿಂದ ಮೊದಲ ಫೋನ್ ಬರುತ್ತದೆ. ಸಂತೋಷದ ವಿಷಯ. ಆದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: 'ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?' ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಕಾನೂನಿನ ಲೆಕ್ಕದಲ್ಲಿ ವಿದೇಶಿ ಮೂಲವೇ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ಅವರ ದುಡ್ಡನ್ನು ಟ್ರಸ್ಟು ಮುಟ್ಟುವಂತಿಲ್ಲ. ಆ ನೋಂದಣಿ ಹೊಸ ಸಣ್ಣ ಟ್ರಸ್ಟಿಗೆ ಸುಲಭಕ್ಕೆ ಸಿಗುವುದಿಲ್ಲ. ಅವರಿಗೆ ನಯವಾಗಿ ಹೇಳಿ, ವಾರಕ್ಕೊಮ್ಮೆ ಫೋನಲ್ಲಿ ಇಂಗ್ಲಿಷ್ ಕಲಿಸಲು ಕೇಳಿ. ನಮ್ಮಲ್ಲಿ ಇಬ್ಬರು ಹಾಗೆ ಕಲಿಸುತ್ತಿದ್ದಾರೆ.

80ಜಿ ಬಗ್ಗೆ ದಾನಿಗಳಿಗೆ ಸತ್ಯವನ್ನೇ ಹೇಳಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಕಡಿತ ಸಿಗುವುದಿಲ್ಲ. ಹಳೆಯ ಪದ್ಧತಿಯಲ್ಲೂ 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ. ದತ್ತಿನಿಧಿಗೆ ಕೊಡುವವರಿಂದ 'ಇದು ಅಸಲಿಗೆ ಸೇರಬೇಕು' ಅಂತ ಒಂದು ಸಾಲಿನ ಪತ್ರ ಬರೆಸಿಕೊಳ್ಳಿ. ಉಳಿದದ್ದಕ್ಕೆ ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರು ಸಾಕು. ಓದಿನ ಖರ್ಚಿಗೆ ಸಿಗುವ ವಿದ್ಯಾರ್ಥಿವೇತನಕ್ಕೆ ವಿದ್ಯಾರ್ಥಿ ತೆರಿಗೆ ಕಟ್ಟಬೇಕಿಲ್ಲ ಅನ್ನುವುದನ್ನು ಪತ್ರದಲ್ಲೇ ಬರೆಯಿರಿ. ಹೆದರುವವರು ಇರುತ್ತಾರೆ.

ಅರ್ಜಿ ಒಂದೇ ಹಾಳೆ

ಒಂದು ಹಾಳೆ, ಎರಡು ಬದಿ, ಕನ್ನಡದಲ್ಲಿ. ಕೈಯಲ್ಲಿ ತುಂಬಿ ಫೋಟೊ ತೆಗೆದು ವಾಟ್ಸಾಪ್ ಮಾಡಿದರೂ ಆಗಬೇಕು, ಅಂಚೆಯಲ್ಲಿ ಕಳಿಸಿದರೂ ಆಗಬೇಕು. ಕೇಳಬೇಕಾದದ್ದು: ಹೆಸರು, ವಿಳಾಸ, ಕೋರ್ಸು, ನೋಂದಣಿ ಸಂಖ್ಯೆ, ಮಾಡುವ ಕೆಲಸ, ಮನೆಯ ಆದಾಯ, ಈ ವರ್ಷ ಕಟ್ಟಬೇಕಾದ ಶುಲ್ಕ. ದಾಖಲೆ ಮೂರು ಸಾಕು: ಗುರುತಿನ ಚೀಟಿ ಅಥವಾ ಹಿಂದಿನ ಶುಲ್ಕದ ರಶೀದಿ, ರೇಷನ್ ಕಾರ್ಡ್ ಅಥವಾ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಗೆಜೆಟೆಡ್ ಅಧಿಕಾರಿಯ ಸಹಿ, ಬೋನಫೈಡ್ ಅಂತೆಲ್ಲ ಕೇಳಿದರೆ ಒಂದು ದಿನದ ಕೂಲಿ ಹೋಗುತ್ತದೆ.

'ನಿಮ್ಮ ಕಷ್ಟಗಳನ್ನು ವಿವರಿಸಿ' ಅನ್ನುವ ಪ್ರಶ್ನೆ ಬೇಡವೇ ಬೇಡ. ಕಷ್ಟವನ್ನು ಚೆನ್ನಾಗಿ ಬರೆಯಬಲ್ಲವರಿಗೆ ದುಡ್ಡು ಕೊಟ್ಟ ಹಾಗಾಗುತ್ತದೆ. ನಾವು ಕೇಳುವುದು ಇಷ್ಟು: 'ಈ ವರ್ಷ ನಿಮ್ಮ ಓದು ನಿಲ್ಲುವುದಾದರೆ ಯಾವ ಕಾರಣಕ್ಕೆ ನಿಲ್ಲಬಹುದು?' ಎರಡು ಸಾಲಿನ ಜಾಗ. ಉತ್ತರಗಳು ಆಶ್ಚರ್ಯ ಆಗುವಷ್ಟು ನೇರವಾಗಿ ಬರುತ್ತವೆ. 'ಕನ್ನಡಕ ಒಡೆದಿದೆ' ಅಂತ ಒಬ್ಬರು ಬರೆದಿದ್ದರು.

ಸರ್ಕಾರದ ನೆರವು ಸಿಗುವವರಿಗೆ ಮೊದಲು ಅದನ್ನು ಕೊಡಿಸಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ವಿಶ್ವವಿದ್ಯಾನಿಲಯದ ಶುಲ್ಕ ರಿಯಾಯಿತಿ, ಇವನ್ನು ಪ್ರಾಸ್ಪೆಕ್ಟಸ್ ಹಿಡಿದುಕೊಂಡು ಅವರ ಜತೆ ಕೂತು ನೋಡಿ. ಆಮೇಲೂ ಉಳಿಯುವ ಕೊರತೆಯನ್ನು ನಮ್ಮ ದುಡ್ಡು ತುಂಬಲಿ.

ಆಯ್ಕೆ ಮತ್ತು ಪಾವತಿ

ಸಂದರ್ಶನಕ್ಕೆ ಕರೆಯಬೇಡಿ. ಮತ್ತೆ ಬಸ್ಸು, ಮತ್ತೆ ರಜೆ. ಇಬ್ಬರು ಸೇರಿ ಹದಿನೈದು ನಿಮಿಷ ಫೋನಲ್ಲಿ ಮಾತಾಡಿ. ತುಳುವಲ್ಲೋ ಕೊಂಕಣಿಯಲ್ಲೋ, ಅವರಿಗೆ ಯಾವುದು ಸಲೀಸೋ ಅದರಲ್ಲಿ. ಅರ್ಜಿದಾರರ ನೆಂಟರು ಸಮಿತಿಯಲ್ಲಿದ್ದರೆ ಆ ಅರ್ಜಿಗೆ ಅವರು ಹೊರಗಿರಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಆಯ್ಕೆಯಾಗದವರಿಗೂ ಫೋನ್ ಮಾಡಿ ಕಾರಣ ಹೇಳಿ.

ದುಡ್ಡು ನೇರ ವಿದ್ಯಾರ್ಥಿಯ ಖಾತೆಗೆ ಹೋಗಲಿ. ಒಮ್ಮೆ ಮದುವೆಯ ಮೊದಲಿನ ಹೆಸರು, ನಂತರದ ಹೆಸರು ಅಂತ ಗೊಂದಲವಾಗಿ ಒಂದು ಚೆಕ್ಕು ಮೂರು ವಾರ ಬ್ಯಾಂಕಿನಲ್ಲೇ ಉಳಿಯಿತು, ಅಷ್ಟರಲ್ಲಿ ದಂಡ ಶುಲ್ಕದ ದಿನ ಬಂದಿತ್ತು. ಈಗ ಮೊದಲು ಒಂದು ರೂಪಾಯಿ ಕಳಿಸಿ ತಲುಪಿತೇ ಅಂತ ಕೇಳುತ್ತೇವೆ. ಆಮೇಲೆ ಪೂರ್ತಿ ಮೊತ್ತ. ಶುಲ್ಕ ಕಟ್ಟಿದ ರಶೀದಿಯನ್ನು ಒಂದು ತಿಂಗಳೊಳಗೆ ಕಳಿಸಿದರೆ ಸಾಕು. ಮನೆಯ ಫೋಟೊ, ಅಳುವ ಫೋಟೊ ಯಾವುದೂ ಬೇಡ. ವರ್ಷದ ಕೊನೆಗೆ ದಾನಿಗಳಿಗೆ ಒಂದು ಪುಟದ ಲೆಕ್ಕ ಕೊಡಿ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಜನ ಮುಂದಿನ ವರ್ಷಕ್ಕೆ ನೋಂದಾಯಿಸಿದರು. ಹೆಸರು ಹಾಕುವ ಮೊದಲು ಅವರನ್ನೇ ಕೇಳಿ.

ದುಡ್ಡಿನ ನಂತರದ ಕೆಲಸ

ಮಾಷ್ಟ್ರು ಶುಲ್ಕ ಕಟ್ಟಿ ಸುಮ್ನೆ ಕೂರಲಿಲ್ಲ. ಅಸೈನ್‌ಮೆಂಟ್ ಬರೆಸಿದರು. ಇಗ್ನೊದ ಎಷ್ಟೋ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇಕಡಾ 30 ಅಂಕ. ಓದು ನಿಲ್ಲುವ ಜಾಗವೂ ಹೆಚ್ಚಾಗಿ ಅದೇ. ಹಾಗಾಗಿ ಪ್ರತಿ ವಿದ್ಯಾರ್ಥಿಗೆ ಒಬ್ಬ ಹಳೆಯ ವಿದ್ಯಾರ್ಥಿಯನ್ನು ಜತೆ ಮಾಡಿ. ತಿಂಗಳಿಗೆ ಎರಡು ಫೋನ್ ಸಾಕು. ಅಸೈನ್‌ಮೆಂಟ್ ಸಲ್ಲಿಸುವ ದಿನ, ಪರೀಕ್ಷಾ ಅರ್ಜಿಯ ದಿನ, ಹಾಲ್ ಟಿಕೆಟ್ ಬರುವ ದಿನ, ಈ ಮೂರನ್ನು ಅವರು ನೆನಪಿಸಬೇಕು. ಉತ್ತರ ಬರೆದುಕೊಡಬಾರದು. ಮೊದಲ ಪುಟ ಬರೆಯುವವರೆಗೆ ಫೋನ್ ಇಡಬಾರದು.

ಇದಕ್ಕಾಗಿ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇವೆ: 'ನಿಮಗೆ ಯಾವ ಹೊತ್ತಿಗೆ ಫೋನ್ ಮಾಡಬಹುದು?' ಕಳೆದ ಬಾರಿ ಆ ಉತ್ತರಗಳನ್ನೆಲ್ಲ ಒಂದೇ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಗಂಗೊಳ್ಳಿ, ರಾತ್ರಿ 9.30, ಮಗು ಮಲಗಿದ ಮೇಲೆ. ಕಾರ್ಕಳ, ಬೆಳಿಗ್ಗೆ 6, ಪಾಳಿ ಮುಗಿದು. ಸುರತ್ಕಲ್, ಭಾನುವಾರ ಮಾತ್ರ. ಪಕ್ಕದಲ್ಲಿ ಕೂತಿದ್ದ ಮಾಷ್ಟ್ರ ಮಗಳು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಆ ಹಳೆಯ ನೋಟ್‌ಬುಕ್ ತಂದು, ಖಾಲಿ ಉಳಿದಿದ್ದ ಪುಟ ತೆರೆದು ನನ್ನ ಮುಂದೆ ಇಟ್ಟರು.